ಯಂತ್ರಕ್ಕೆ ಕಲಿಸಿದ ತೂಕ

ಮಂಗಳವಾರ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ತಕ್ಕಡಿಯಣ್ಣ ಚಿಕಿತ್ಸಾಲಯದ ತೂಕದ ಯಂತ್ರದ ಮೇಲೆ ಬರಿಗಾಲಲ್ಲಿ ನಿಂತಿದ್ದ. ಚಪ್ಪಲಿ, ಬೆಲ್ಟು, ಕೈಗಡಿಯಾರ, ಜೇಬಿನ ಸ್ಕ್ರೂಡ್ರೈವರು ಪಕ್ಕದ ಕುರ್ಚಿಯ ಮೇಲಿದ್ದವು. ರೋಗಿಗಳು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಯಂತ್ರ ಅರವತ್ತೊಂದು ಪಾಯಿಂಟ್ ಒಂದು ತೋರಿಸುತ್ತಿತ್ತು.

"ಮತ್ತೆ ಮುನ್ನೂರು ಗ್ರಾಂ ಜಾರಿದೆ ನೋಡಿ ಸಿಸ್ಟರ್. ಪಾಪ, ಇದಕ್ಕೂ ವಯಸ್ಸಾಯ್ತು."

"ವಯಸ್ಸಾದ್ರೆ ನಮಗೆಲ್ಲ ತೂಕ ಏರುತ್ತೆ, ಇದಕ್ಕೆ ಇಳಿಯುತ್ತಲ್ಲಣ್ಣಾ, ಪುಣ್ಯ ಮಾಡಿದೆ," ಎಂದಳು ನರ್ಸು, ದಾಖಲೆ ಪುಸ್ತಕ ತೆರೆಯುತ್ತ. "ನಾನು ಒಂದೂವರೆ ವರ್ಷದಲ್ಲಿ ಏಳು ಕಿಲೋ ಏರಿದೀನಿ. ರಾತ್ರಿ ಊಟ ಬಿಟ್ಟು ಆರು ತಿಂಗಳಾಯ್ತು, ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ. ಡಾಕ್ಟರೂ ಅಷ್ಟೇ, ಬೆಳಗ್ಗೆ ಓಡೋಕೆ ಶುರು ಮಾಡಿದಾರೆ. ಅಲ್ಲಾಡದೆ ಇರೋದು ನೀವೊಬ್ರೇ. ಬಂಡೆ!"

ಅವನು ನಕ್ಕ. ಕಂಬದ ಮೇಲಿನ ಗುಂಡಿಯನ್ನು ಹತ್ತೆಣಿಸುವಷ್ಟು ಹೊತ್ತು ಒತ್ತಿ ಹಿಡಿದು ತನ್ನ ಅಂಕಿಯನ್ನು ಕೊಟ್ಟ. ಈ ಬಗೆಯ ಯಂತ್ರಕ್ಕೆ ಸ್ವಂತ ಬುದ್ಧಿ ಇರುವುದಿಲ್ಲ. ಮೇಲೊಂದು ತೂಕವಿಟ್ಟು ಅದು ಎಷ್ಟೆಂದು ನಾವು ಹೇಳಬೇಕು. ಅಂದಿನಿಂದ ಅದು ಲೋಕವನ್ನೆಲ್ಲ ಆ ಮಾತಿನ ಮೇಲೆಯೇ ತೂಗುತ್ತದೆ. ಯಂತ್ರ ಒಮ್ಮೆ ಕೂಗಿ ಅರವತ್ತೊಂದು ಪಾಯಿಂಟ್ ನಾಲ್ಕು ತೋರಿಸಿತು. ನರ್ಸು ಅದನ್ನು ಮೊದಲು ದುರಸ್ತಿಯ ಪುಸ್ತಕದಲ್ಲಿ ಬರೆದಳು. ಆಮೇಲೆ, ಹೇಗೂ ಮೇಲೆ ನಿಂತಿದ್ದಾನಲ್ಲ ಎಂದು, ಅವನ ಸ್ವಂತ ಕಾರ್ಡಿನಲ್ಲೂ ಬರೆದಳು. ಏಕೆಂದರೆ ತಕ್ಕಡಿಯಣ್ಣ ಅಲ್ಲಿಯ ರಿಪೇರಿಯವನಷ್ಟೇ ಅಲ್ಲ, ರೋಗಿಯೂ ಹೌದು.

ಅವನಿಗಿದ್ದದ್ದು ಕ್ರೋನ್ಸ್ ಕಾಯಿಲೆ. ಕರುಳು ತನಗೆ ತಾನೇ ಉರಿದುಕೊಂಡು ಹುಣ್ಣಾಗುವ ರೋಗ. ಹತೋಟಿಗೆ ಬರುತ್ತದೆ, ಬಿಟ್ಟು ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಸಣ್ಣ ಕರುಳಿನ ಕೊನೆಯ ಒಂದೂವರೆ ಗೇಣಷ್ಟನ್ನು ಕತ್ತರಿಸಿ ತೆಗೆದಿದ್ದರು. ಆಹಾರದ ಬಿ-ಹನ್ನೆರಡು ವಿಟಮಿನ್ ರಕ್ತಕ್ಕೆ ಸೇರುವ ಬಾಗಿಲು ಆ ತುಂಡಿನಲ್ಲೇ ಇತ್ತು. "ಬಾಗಿಲೇ ಹೋದ್ಮೇಲೆ ಅಂಗಳದಲ್ಲಿ ಎಷ್ಟು ಬಡಿಸಿದ್ರೂ ಒಳಗೆ ಹೋಗಲ್ಲಪ್ಪಾ. ತಿಂಗಳಿಗೊಂದು ಇಂಜೆಕ್ಷನ್, ಜೀವ ಇರೋ ತನಕ," ಎಂದಿದ್ದರು ಡಾಕ್ಟರು. ಜತೆಗೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಕಬ್ಬಿಣ ಇಳಿದರೆ ಡ್ರಿಪ್ಪು, ವಾರಕ್ಕೊಂದು ವಿಟಮಿನ್ ಡಿ ಮಾತ್ರೆ, ದಿನಕ್ಕೊಂದು ಸತುವಿನ ಮಾತ್ರೆ.

ಮೊದಮೊದಲು ಎಲ್ಲವನ್ನೂ ಗಡಿಯಾರದ ಮುಳ್ಳಿನಂತೆ ಪಾಲಿಸಿದ. ಆಮೇಲೆ ಹೊಟ್ಟೆ ಸುಮ್ಮನಾಯಿತು. ನೋವಿಲ್ಲ, ಕಕ್ಕಸಿಗೆ ಓಡುವುದಿಲ್ಲ, ತೂಕವಂತೂ ನಿಂತ ನೀರು. ಮತ್ತೇಕೆ ಸೂಜಿ? ಎಂಟು ತಿಂಗಳಿನಿಂದ ಆ ಕೆಂಪು ಇಂಜೆಕ್ಷನ್ನಿನ, ಉಳಿದ ಮಾತ್ರೆಗಳ ಬದಲು ಔಷಧಿ ಅಂಗಡಿಯಿಂದ ಒಂದು ಮಾಮೂಲಿ ಶಕ್ತಿಮಾತ್ರೆ ತಂದು ನುಂಗುತ್ತಿದ್ದ. ಬಾಗಿಲಿಲ್ಲದ ಮನೆಯ ಮುಂದೆ ದಿನವೂ ಒಂದು ಪೊಟ್ಟಣವಿಟ್ಟು ಬರುತ್ತಿದ್ದ.

ಯಂತ್ರದ ಮೇಲೆ ತಾನೇ ನಿಲ್ಲುವ ಅಭ್ಯಾಸವೂ ಆ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಬಂದದ್ದು. ಯಂತ್ರ ಸರಿಯಿದೆಯೇ ಎಂದು ನೋಡಲು ಇಡುವ ಕಬ್ಬಿಣದ ತೂಕದ ಬಟ್ಟುಗಳು ಒಂದೊಂದೂ ಇಪ್ಪತ್ತು ಕಿಲೋ. ಅವನು ದುರಸ್ತಿಗೆ ಹೋಗುವ ಗೋದಾಮು, ಅಂಗಡಿಗಳೆಲ್ಲ ನೆಲದ ಮಟ್ಟದಲ್ಲಿದ್ದವು, ತಳ್ಳುಗಾಡಿ ಒಳಗೇ ಹೋಗುತ್ತಿತ್ತು. ಚಿಕಿತ್ಸಾಲಯ ಮಾತ್ರ ಎರಡನೇ ಮಹಡಿ, ಮೂವತ್ತೆಂಟು ಮೆಟ್ಟಿಲು, ಲಿಫ್ಟಿಲ್ಲ. ರಕ್ತ ಕಡಿಮೆಯಾದ ಮೈ ಹದಿನೈದನೇ ಮೆಟ್ಟಿಲಿಗೇ ಏದುಸಿರು ಬಿಡುತ್ತಿತ್ತು. ಹಾಗಾಗಿ ಒಂದು ದಿನ ಅವನು ತಾನು ಕೆಲಸ ಮಾಡುವ ವರ್ಕ್‌ಶಾಪಿನ ಒಳ್ಳೆಯ ಯಂತ್ರದಲ್ಲಿ ತನ್ನನ್ನು ತೂಗಿಕೊಂಡು, ಬಟ್ಟುಗಳನ್ನು ಕೆಳಗೇ ಬಿಟ್ಟು, ತನ್ನನ್ನೇ ಬಟ್ಟಾಗಿ ಮಾಡಿಕೊಂಡು ಮೆಟ್ಟಿಲು ಹತ್ತಿದ. ಒಮ್ಮೆ ನಡೆದದ್ದು ರೂಢಿಯಾಯಿತು; ಆ ಒಳ್ಳೆಯ ಯಂತ್ರದಲ್ಲಿ ಮತ್ತೆ ತೂಗಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ ಇನ್ನೂರೋ ನಾನೂರೋ ಗ್ರಾಂ ವ್ಯತ್ಯಾಸ ಕಾಣುತ್ತಿತ್ತು. ಇಪ್ಪತ್ತಾರು ವರ್ಷ ತಕ್ಕಡಿಗಳ ಜತೆ ಬದುಕಿದವನಿಗೆ ಅನುಮಾನ ಬರುವುದು ಯಂತ್ರದ ಮೇಲೆ. ಅವನು ಯಂತ್ರವನ್ನೇ ತಿದ್ದಿದ.

ಅಂದು ಸಂಜೆ ಹೆಂಡತಿ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ಸೊಂಟಕ್ಕೆ ಟೇಪು ಸುತ್ತಿದಳು. ಅವಳು ದರ್ಜಿ, ಮನೆಯ ಮುಂಕೋಣೆಯೇ ಅವಳ ಅಂಗಡಿ.

"ಮೂವತ್ತು," ಎಂದಳು. "ಆಪರೇಷನ್ ಆದ್ಮೇಲೆ ಮೂವತ್ನಾಲ್ಕಿತ್ತು. ಈ ಪ್ಯಾಂಟಿಗೆ ಇದು ನಾಲ್ಕನೇ ಸಲ ರೀ ಹಿಡೀತಿರೋದು. ಇನ್ನು ಹಿಡಿದ್ರೆ ಎರಡು ಜೇಬೂ ಹಿಂದೆ ಹೋಗಿ ಒಂದಕ್ಕೊಂದು ಮುತ್ತು ಕೊಡ್ತವೆ."

"ಟೇಪು ಎಳೆದಂಗೆ ಬರುತ್ತೆ ಕಣೆ. ತೂಕ ನಿಂತಿದೆ, ಇವತ್ತೂ ನೋಡಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿಮಗೆ ನನ್ನ ಟೇಪು ಡೊಂಕು. ಮೊನ್ನೆ ಸಾರಿಗೆ ಉಪ್ಪಿಲ್ಲ ಅಂದ್ರಿ, ಎರಡು ಸಲ ಹಾಕಿದ್ದೆ ನಾನು. ಹಾಲಿಗೆ ರುಚಿ ಇಲ್ಲ, ಹಣ್ಣಿಗೆ ರುಚಿ ಇಲ್ಲ. ಎಲ್ಲ ನನ್ನ ಕೈದೇ ತಪ್ಪಾ?"

"ಕೈ ರುಚಿ ಹೋಯ್ತೇನೋ."

ಅವಳು ಟೇಪನ್ನು ಸುತ್ತಿ ಮೇಜಿನ ಮೇಲೆ ಕುಕ್ಕಿದಳು. ಅದನ್ನೂ ಅವನು ತನ್ನ ಗೆಲುವಿನ ಕಡೆಗೇ ತೂಗಿಕೊಂಡ.

ಮರುದಿನ ವರ್ಕ್‌ಶಾಪಿಗೆ ಔಷಧ ತೂಗುವ ಒಂದು ಹಳೆಯ ತಕ್ಕಡಿ ಬಂತು. ಇಂಥ ತಕ್ಕಡಿಯ ದಂಡ ಒಂದು ಚೂಪು ಅಲಗಿನ ಮೇಲೆ ಕೂತಿರುತ್ತದೆ. ಅಲಗಿನಲ್ಲಿ ಕೂದಲೆಳೆಯಷ್ಟು ಮುಕ್ಕಿದ್ದರೂ ತಕ್ಕಡಿ ಸುಳ್ಳು ಹೇಳುತ್ತದೆ. ಆ ಮುಕ್ಕು ಕಣ್ಣಿಗೆ ಕಾಣದು. ಬೆರಳ ತುದಿಗೆ ಮಾತ್ರ ಸಿಗುತ್ತದೆ. ಊರಿನಲ್ಲಿ ಆ ಬೆರಳು ಇದ್ದದ್ದು ಅವನೊಬ್ಬನಿಗೇ, ಅವನ ಹೆಸರೂ ಅನ್ನವೂ ಅದರಲ್ಲಿತ್ತು. ಅವನು ಅಲಗನ್ನು ಸವರಿ, "ಚೆನ್ನಾಗಿದೆ, ಯಜಮಾನ್ರೆ," ಎಂದ.

ವರ್ಕ್‌ಶಾಪಿನ ಯಜಮಾನರು ಅಲಗಿನ ಮೇಲೆ ರಕ್ತ ನೋಡಿದರು.

"ಏನಯ್ಯಾ ಇದು? ಬೆರಳು ಕುಯ್ದುಕೊಂಡಿದೀಯ!"

ಅವನು ಕೈ ನೋಡಿಕೊಂಡ. ತೋರುಬೆರಳಿನಿಂದ ರಕ್ತ ಇಳಿಯುತ್ತಿತ್ತು. ಮುಕ್ಕು ಇತ್ತು, ಬೆರಳನ್ನೇ ಸೀಳುವಷ್ಟು ಇತ್ತು. ಅವನಿಗೆ ತಿಳಿದಿರಲಿಲ್ಲ. ಎಣ್ಣೆಯಿಂದ ಕೈ ಜಡ್ಡುಗಟ್ಟಿದೆ ಎಂದು ನಾಲ್ಕು ತಿಂಗಳಿನಿಂದ ಹೇಳಿಕೊಂಡು ಬಂದಿದ್ದ. ಪಾದಗಳಲ್ಲಿ ಇರುವೆ ಹರಿದಂತಾಗುವುದಕ್ಕೆ ಹೊಸ ಚಪ್ಪಲಿ ಕಾರಣ ಎಂದಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಕೈಯಲ್ಲಿ ಆ ಪ್ಯಾಂಟು. ಯಜಮಾನರನ್ನು ನೋಡಲೆಂದೇ ಬಂದವಳು ಅವನ ಕಡೆ ತಿರುಗಲಿಲ್ಲ.

"ಯಜಮಾನ್ರೆ, ಇವರನ್ನ ತೂಗೋ ಯಂತ್ರಾನ ಒಂದ್ಸಲ ನೀವು ತೂಗಿ ನೋಡ್ತೀರಾ?"

ಗುರುವಾರ ಬೆಳಗ್ಗೆ ಯಜಮಾನರೇ ಮೂರು ಬಟ್ಟುಗಳನ್ನು, ಮೂರು ಸಲ ಹತ್ತಿಳಿದು, ಮೇಲಕ್ಕೆ ಹೊತ್ತರು. ಅರವತ್ತೆರಡರ ಮನುಷ್ಯ, ಕೊನೆಯದನ್ನು ಇಳಿಸಿ ಗೋಡೆಗೆ ಒರಗಿ ನಿಂತರು. ಮೂರನ್ನೂ ಯಂತ್ರದ ಮೇಲಿಟ್ಟಾಗ ಅದು ಅರವತ್ತೇಳು ಪಾಯಿಂಟ್ ಒಂದು ಎಂದಿತು.

ತಕ್ಕಡಿಯಣ್ಣನ ತಲೆಯಲ್ಲಿ ಲೆಕ್ಕ ತಾನಾಗಿ ನಡೆಯಿತು. ಅರವತ್ತನ್ನು ಅರವತ್ತೇಳು ಎನ್ನುವ ಯಂತ್ರ ತನ್ನನ್ನು ಅರವತ್ತೊಂದೂವರೆಯ ಹತ್ತಿರ ಎಂದರೆ, ತಾನು ಐವತ್ತೈದಕ್ಕೆ ಒಂದು ನೂರು ಗ್ರಾಂ ಕಡಿಮೆ.

ನರ್ಸಿಗೆ ತನ್ನ ಲೆಕ್ಕ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ನಾನು ದಪ್ಪ ಆಗೇ ಇಲ್ವಾ? ಆರು ತಿಂಗಳು ಉಪವಾಸ ಮಲಗಿದ್ದು ನಿಮ್ಮ ಕರುಳಿಗೋಸ್ಕರಾನಾ ಅಣ್ಣಾ?" ನಗಲು ಹೊರಟವಳು ಅವನ ಮುಖ ನೋಡಿ ನಿಲ್ಲಿಸಿದಳು.

ಯಜಮಾನರು ಯಂತ್ರವನ್ನು ಸರಿಪಡಿಸಿದರು. "ನಾಚಿಕೆ ಆಗ್ಬೇಕು ಕಣಯ್ಯಾ. ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು. ಹತ್ತು ಈಗ." ಅವನು ಹತ್ತಿದ. ಐವತ್ತನಾಲ್ಕು ಪಾಯಿಂಟ್ ಒಂಬತ್ತು. ಲೆಕ್ಕ ಸರಿಯಾಗಿತ್ತು, ಅವನ ಲೆಕ್ಕ ಯಾವತ್ತೂ ತಪ್ಪುತ್ತಿರಲಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ಸೋಮವಾರ ಬಂತು. ನರಗಳನ್ನು ಕಾಯುವ ಬಿ-ಹನ್ನೆರಡು ತಳ ಕಂಡಿತ್ತು, ಕಬ್ಬಿಣವೂ ಡಿಯೂ ಕೆಳಗೆ, ಸತುವೂ ಕೆಳಗೆ. ಉಪ್ಪು ಸಪ್ಪೆಯಾಗಿದ್ದು ಸತುವಿನ ಕೊರತೆಯಿಂದಲೇ ಇರಬೇಕು ಎಂದರು ಡಾಕ್ಟರು. ಹೆಂಡತಿ ಕಿಟಕಿಯ ಕಡೆ ನೋಡಿದಳು. ಒಳಗೊಳಗೇ ಕರುಳು ಮತ್ತೆ ಉರಿಯುತ್ತಿದೆಯೆಂದೂ ಗೊತ್ತಾಯಿತು; ನೋವಿಲ್ಲದ ಮಾತ್ರಕ್ಕೆ ಅದು ಮಲಗಿರಲಿಲ್ಲ. ಡ್ರಿಪ್ಪು ಬರೆದರು. ಇಂಜೆಕ್ಷನ್ನು, ಮೊದಲು ದಿನ ಬಿಟ್ಟು ದಿನ, ಆಮೇಲೆ ತಿಂಗಳಿಗೊಂದು.

"ಬೆರಳು ಬರುತ್ತಾ ಡಾಕ್ಟ್ರೇ?"

"ಮೈಗೆ ಶಕ್ತಿ ಬರುತ್ತೆ, ತೂಕಾನೂ ಬರುತ್ತೆ. ನರ ಹಾಗಲ್ಲಪ್ಪಾ. ಬೇಗ ಹಿಡಿದಿದ್ರೆ ಪೂರ್ತಿ ಬರ್ತಿತ್ತು. ಈಗ ಸ್ವಲ್ಪ ಬರಬಹುದು. ಅಲಗು ಸವರೋ ಅಷ್ಟು ಬರುತ್ತೆ ಅಂತ ನಾನು ಹೇಳಲಾರೆ." ಡಾಕ್ಟರು ಕಾರ್ಡನ್ನು ತಿರುವಿ ಹಾಕಿದರು. "ರಕ್ತ ಪರೀಕ್ಷೆ ಮುಂದಿನ ಸಲ, ಮುಂದಿನ ಸಲ ಅಂತಿದ್ರಿ. ತೂಕ ನಿಂತಿದೆ ಅಂತ ನಾನೂ ಬಿಟ್ಟೆ. ತಪ್ಪು ನಂದೂ ಇದೆ."

ಅವರು ಹಾಗೆ ಅಂದದ್ದರಿಂದ ಅವನಿಗೆ ಯಾವ ಸಮಾಧಾನವೂ ಆಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕೇಳಿದಳು, ಮೆಲ್ಲಗೆ. "ನಿಜ ಹೇಳಿ. ಗೊತ್ತಿರಲಿಲ್ವಾ ನಿಮಗೆ?"

ಅವನು ಹೊಲಿಗೆ ಹಾಕಿದ ಬೆರಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಯಾವುದು ಯಾವುದನ್ನು ಮುಟ್ಟುತ್ತಿದೆ ಎಂದು ತಿಳಿಯುತ್ತಿರಲಿಲ್ಲ.

ನರ್ಸು ದುರಸ್ತಿಯ ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟಳು. ತಪ್ಪು ದಾಖಲೆಗಳ ಮೇಲೆಲ್ಲ ಗೆರೆ ಎಳೆದು ಸಹಿ ಹಾಕಬೇಕಿತ್ತು. ಪುಟಗಳನ್ನು ಹಿಂದಕ್ಕೆ ತಿರುವಿದ. ಇಪ್ಪತ್ತು ತಿಂಗಳು, ಇಪ್ಪತ್ತು ಸಾಲು, ಒಂದೇ ಅಂಕಿ. ಗೆರೆ ಎಳೆಯುತ್ತ ಎಳೆಯುತ್ತ ಮೊದಲ ಸಾಲಿಗೆ ಬಂದು ಪೆನ್ನು ನಿಂತಿತು. ಅದೊಂದು ಸುಳ್ಳಾಗಿರಲಿಲ್ಲ. ಅಂದು ವರ್ಕ್‌ಶಾಪಿನಿಂದ ನೇರ ಬಂದು, ಮೂವತ್ತೆಂಟು ಮೆಟ್ಟಿಲು ಬರಿಗೈಯಲ್ಲಿ ಹತ್ತಿ, ಏದುಸಿರಿನ ನಡುವೆಯೇ, ಎಷ್ಟು ಬರ್ಕೊಳ್ಳಲಿ ಎಂದ ನರ್ಸಿಗೆ ಅವನು ಗಟ್ಟಿಯಾಗಿ ಹೇಳಿದ್ದ: "ಅರವತ್ತೊಂದು ಕಿಲೋ ನಾನೂರು ಗ್ರಾಂ."