ಮೂರು ಶಾಯಿಯ ಕೈಪಿಡಿ

ಆ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಒಂದೇ ಒಂದು ಸುಳ್ಳು ಬರೆಯಲಿಲ್ಲ. ಆ ಹೆಮ್ಮೆ ನನಗೆ ಈಗಲೂ ಇದೆ.

ಎಪ್ಪತ್ತರ ದಶಕದ ಕೊನೆ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಒಬ್ಬೊಬ್ಬರಂತೆ ಮೂವರು ಮೇಷ್ಟ್ರುಗಳು ಸೇರಿ ಪ್ರವಾಸಿಗರಿಗೊಂದು ಕೈಪಿಡಿ ಬರೆಯಲು ಹೊರಟಿದ್ದೆವು. ಇದ್ದದ್ದು ಒಂದೇ ನೋಟ್‌ಬುಕ್ಕು. ಅದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಊರಿಂದೂರಿಗೆ ಓಡಾಡುತ್ತಿತ್ತು. ಸಾಗರದವನದು ಕೆಂಪು ಶಾಯಿ, ಹೊಸನಗರದ ನನ್ನದು ನೀಲಿ, ತೀರ್ಥಹಳ್ಳಿಯ ಹಿರಿಯರದು ಹಸಿರು. ಯಾರು ಬರೆದದ್ದನ್ನು ಯಾರು ಬೇಕಾದರೂ ಹೊಡೆದು ಹಾಕಬಹುದು. ಕೊನೆಯ ಮಾತು ಹಿರಿಯರದು. ಸ್ವಂತ ಅಭಿಪ್ರಾಯ ಬೇಡ, ಕಂಡದ್ದಷ್ಟೇ ಇರಲಿ ಎಂದು ನಿಯಮ ಮಾಡಿದವನು ಸಾಗರದವನೇ.

ಹೊಸನಗರದ ಹತ್ತಿರ ನಗರ ಅಂತಲೇ ಒಂದು ಹಳೆಯ ಊರು; ಅಲ್ಲಿನ ಕೋಟೆಯ ದಾರಿಯಲ್ಲಿ ನನ್ನ ಅಕ್ಕನ ಸಣ್ಣ ಹೋಟೆಲಿತ್ತು. ಭಾವ ತೀರಿಕೊಂಡ ಮೇಲೆ ಅವಳಿಗೆ ಅದೇ ಆಧಾರ. ಕೋಟೆ ನೋಡಲು ನಾಲ್ಕು ಜನ ಹೆಚ್ಚು ಬಂದರೆ ಹೋಟೆಲು ಉಳಿದೀತು, ಇಲ್ಲವಾದರೆ ಬಾಗಿಲು ಹಾಕಬೇಕು ಎನ್ನುವ ಸ್ಥಿತಿ. ಒಂದು ಸಲ ನೋಟ್‌ಬುಕ್ಕು ಬಂದಾಗ ಕೆಂಪು ಶಾಯಿಯ ಸಾಲೊಂದಿತ್ತು: "ಇಲ್ಲಿನ ಹೋಟೆಲಿನಲ್ಲಿ ಬೇರೆ ಗತಿಯಿಲ್ಲದವರು ಉಣ್ಣಬಹುದು." ನನಗೆ ಮೈಯೆಲ್ಲ ಉರಿದುಹೋಯಿತು. ಹೊಡೆದು ಹಾಕಿದೆ. ಮುಂದಿನ ಸುತ್ತಿನಲ್ಲಿ ಅದೇ ಸಾಲು ಮತ್ತೆ ಬಂತು, ಪಕ್ಕದಲ್ಲಿ ಷರಾ: "ಸಂಬಂಧಿಕರು ತಿದ್ದುವಂತಿಲ್ಲ."

ಆಗಲಿ ಮಗನೇ, ಅಂದುಕೊಂಡೆ. ಸಾಗರದಲ್ಲಿ ಅವನ ಮಾವನ ಲಾಡ್ಜಿತ್ತು. ಅದನ್ನು "ಮನೆಯಂಥ ವಾತಾವರಣ" ಎಂದು ಹೊಗಳಿದ್ದ. ಒಂದು ಭಾನುವಾರ ಅಲ್ಲಿ ರೂಮು ಮಾಡಿ, ಮೂಲೆ ಮೂಲೆ ನೋಡಿ ಬಂದು ನೀಲಿ ಶಾಯಿಯಲ್ಲಿ ಬರೆದೆ: "ಕೋಣೆಗಳು ಹನ್ನೊಂದು. ಕಿಟಕಿ ಇರುವುದು ಮೂರಕ್ಕೆ. ಬಚ್ಚಲು ಒಂದು, ಅಂಗಳ ದಾಟಿ ಹೋಗಬೇಕು. ಹಾಸಿಗೆಯಲ್ಲಿ ತಿಗಣೆ ಇವೆ."

ಹಿರಿಯರು ಅವನ ಎರಡು ಅಭಿಪ್ರಾಯಗಳನ್ನೂ ಹಸಿರು ಶಾಯಿಯಲ್ಲಿ ಹೊಡೆದರು. ನನ್ನ ಸಾಲುಗಳಲ್ಲಿ ಹೊಡೆಯಲು ಏನೂ ಸಿಗಲಿಲ್ಲ. ಅಂಚಿನಲ್ಲಿ ನನಗೊಂದು ಮಾತು ಬರೆದಿದ್ದರು: "ಅಕ್ಕನ ಹೋಟೆಲಿನ ಬಗ್ಗೆ ನೀವೇ ಬರೆಯಿರಿ. ಕಂಡದ್ದಾದರೆ ಅಡ್ಡಿಯಿಲ್ಲ." ನನ್ನ ತಲೆಯ ತುಂಬ ತಿಗಣೆಯೇ ತುಂಬಿತ್ತು. "ಊಟ, ತಿಂಡಿ ಸಿಗುತ್ತದೆ" ಎಂದು ಗೀಚಿ ಕಂಡಕ್ಟರ್ ಕೈಗೆ ಕೊಟ್ಟೆ.

ಪುಸ್ತಕ ಅಚ್ಚಾದ ಮೇಲೆ ಸಾಗರದವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ.

"ಎಂತ ಮಾರಾಯ್ರೆ, ತಿಗಣೇನೂ ಬರೀಬೇಕಿತ್ತಾ?"

"ಯಾಕೆ, ಇಲ್ವಾ?" ಅಂದೆ.

ಅವನ ಮುಖ ಇಷ್ಟು ಚಿಕ್ಕದಾಯಿತು. ಅಷ್ಟು ಹಿತವಾದ ದಿನ ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ.

ಅದೇ ಖುಷಿಯಲ್ಲಿ ಅಕ್ಕನ ಹತ್ತಿರ ಹೋಗಿ ಲಾಡ್ಜಿನ ಭಾಗವನ್ನು ರಾಗವಾಗಿ ಓದಿದೆ. ಅವಳು ನಗಲಿಲ್ಲ.

"ನಂದೆಲ್ಲಿ? ಅದನ್ನ ಓದು" ಅಂದಳು.

ಓದಿದೆ. ಅವಳು ಸ್ವಲ್ಪ ಹೊತ್ತು ಕಾದಳು, ಇನ್ನೂ ಇದೆ ಎಂದುಕೊಂಡು.

"ಇಷ್ಟೇನಾ? ದಿನಾ ಮೊದಲ್ನೇ ಬಸ್ಸಿಗೂ ಮುಂಚೆ ಎದ್ದು ಕಡುಬು ಬೇಯಿಸ್ತೀನಲ್ಲ. ಅದಕ್ಕೆ ಒಂದ್ ಸಾಲು ಇರ್ಲಿಲ್ವಾ, ತಮ್ಮಾ?"

ಆ ಮಳೆಗಾಲದಲ್ಲೇ ಅಕ್ಕ ಹೋಟೆಲು ಮುಚ್ಚಿದಳು. ಲಾಡ್ಜು ಮಾತ್ರ ನಡೆದೇ ನಡೆಯಿತು. ಹೋಟೆಲು ಮುಚ್ಚಿದ್ದಕ್ಕೂ ನಾನು ಸಾಗರದವನನ್ನೇ ಬೈಯುತ್ತೇನೆ. ಇನ್ನು ಯಾರನ್ನು ಬೈಯಲಿ?