ಎಷ್ಟು ಗಂಟೆಗೆ ಬಿಚ್ಚಬೇಕು?

ಮೈಕ್ ಚಾಚಾ ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ ಸತ್ತುಹೋಗಿತ್ತು. ಆ ಬೆರಳಿನಿಂದಲೇ ಮೈಕಿನ ತಲೆಗೆ ಮೆಲ್ಲಗೆ ಬಡಿದು "ಅಲೋ, ಅಲೋ, ಚೆಕ್" ಎನ್ನುತ್ತಿದ್ದರು. ಭದ್ರಾವತಿಯ ನಮ್ಮ ಬೀದಿಯಲ್ಲಿ ಅವರದ್ದು ಪಕ್ಕದ ಮನೆ. ಮುಂದಿನ ಕೋಣೆಯೇ ಮೈಕ್ ಸೆಟ್ ಅಂಗಡಿ. ಮದುವೆ, ಉರುಸು, ಗಣಪತಿ, ಧರಣಿ, ಎಲ್ಲದಕ್ಕೂ ಅವರದೇ ಹಾರ್ನ್.

ಧರಣಿಗೆಂದು ಮೈಕ್ ಕೇಳಲು ಬಂದವರಿಗೆ ಅವರದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆಗೆ ಬಿಚ್ಚಬೇಕು?"

"ಒಂದೂವರೆಗೆ ಮುಗಿಯುತ್ತೆ ಚಾಚಾ. ಮನವಿ ಕೊಟ್ಟು ಫೋಟೊ ತೆಗೆಸ್ಕೊಂಡ್ರೆ ಆಯ್ತು."

"ಹಂಗಾದ್ರೆ ಕಾರ್ಯಕ್ರಮ ಅನ್ನಿ ಮಾರಾಯ್ರೆ, ಹೋರಾಟ ಅನ್ಬೇಡಿ. ಹೋರಾಟಕ್ಕೆ ಕೂತೋನಿಗೆ ಮನೆಗೆ ಯಾವಾಗ ಹೋಗ್ತೀನಿ ಅಂತ ಗೊತ್ತಿರಲ್ಲ."

ಬಂದವರು ನಗುತ್ತಿದ್ದರು. ನಾನು ಶಿವಮೊಗ್ಗದಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಹೋರಾಟ ಎಂಬ ಪದಕ್ಕೆ ಬಂದ ಗತಿಯನ್ನು ದಿನಾ ನೋಡಿ ಹೊಟ್ಟೆ ಉರಿಯುತ್ತದೆ. ಪ್ಲಾಸ್ಟಿಕ್ ವಿರುದ್ಧ ಸಮರವಂತೆ, ಬೀದಿನಾಯಿಗಳ ವಿರುದ್ಧ ಹೋರಾಟವಂತೆ! ಆಲ್ಕೊಳ ಸರ್ಕಲ್ಲಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸಿಕೊಂಡವರೆಲ್ಲ ಹೋರಾಟಗಾರರೇ. ಜೈಲಿಗೆ ಹೋಗಿಬಂದವರೂ ಹಾಗೆ ಕರೆಸಿಕೊಳ್ಳಲು ನಾಚುತ್ತಿದ್ದ ಕಾಲವಿತ್ತು. ಈಗ ವಿಸಿಟಿಂಗ್ ಕಾರ್ಡಿನಲ್ಲೇ ಅಚ್ಚು ಹಾಕಿಸುತ್ತಾರೆ. ಥೂ!

ನಮ್ಮ ಬೀದಿಯ ರಸ್ತೆ ಅಗಲ ಮಾಡುವಾಗ ನೀರಿನ ಪೈಪು ಒಡೆದವರು ಮತ್ತೆ ಜೋಡಿಸಲೇ ಇಲ್ಲ. ನಲ್ಲಿ ಒಣಗಿತು. ವಾರಕ್ಕೊಮ್ಮೆ ಟ್ಯಾಂಕರ್. ಮಂಡಿನೋವಿನ ಚಾಚಿ ಕೊಡ ಹೊತ್ತು ನಡುದಾರಿಯಲ್ಲಿ ಕೂತುಬಿಡುವುದನ್ನು ಚಾಚಾ ನೋಡುತ್ತಿದ್ದರು. ಊರಿನ ಮುಖಂಡರೊಬ್ಬರು ಧರಣಿ ಎಂದಾಗ ಅವರು ಮೊದಲ ಸಲ ಏನೂ ಕೇಳದೆ ಮೈಕ್ ಕಟ್ಟಿದರು.

ನಗರಸಭೆ ಕಚೇರಿಯ ಮುಂದೆ ಭಾಷಣ, ಘೋಷಣೆ, ಮನವಿ, ಫೋಟೊ, ಎಲ್ಲ ಆಯಿತು. ಊಟದ ಹೊತ್ತಿಗೆ ಮುಖಂಡರು ಎದ್ದರು. "ಚಾಚಾ, ಬಿಚ್ಚಿ. ಭರವಸೆ ಕೊಟ್ಟಿದ್ದಾರೆ, ನಮ್ ಹೋರಾಟ ಯಶಸ್ವಿ."

"ಭರವಸೆ ಕುಡಿಯೋಕಾಗುತ್ತಾ? ನೀರು ಬರ್ಲಿ, ಬಿಚ್ತೀನಿ."

ಅವರು ಬಿಚ್ಚಲಿಲ್ಲ. ದಿನವೂ ಹೋಗಿ ಆ ಮೈಕಿನ ಪಕ್ಕ ನೆಲದ ಮೇಲೆ ಕೂತರು. ಭಾಷಣ ಮಾಡಲು ಬಾರದ ಮನುಷ್ಯ; ಆಗಾಗ ಹೆಬ್ಬೆರಳಿನಿಂದ ಬಡಿದು, "ಅಲೋ, ನಮ್ ಬೀದಿಗೆ ನೀರಿಲ್ಲ" ಎನ್ನುವರು, ಅಷ್ಟೇ. ನಮ್ಮ ಅಮ್ಮ ಫ್ಲಾಸ್ಕಿನಲ್ಲಿ ಟೀ ಒಯ್ದು ಕೊಡುತ್ತಿದ್ದಳು. ಜೊತೆಗೆ ಕೂತವರು ಯಾರೂ ಇಲ್ಲ. ಮುಖಂಡರು ಮಾತ್ರ ಒಮ್ಮೆ ಬಂದು, "ನಮ್ ಮರ್ಯಾದೆ ತೆಗೀತಿದೀರಲ್ಲ ಚಾಚಾ" ಎಂದು ಬೈದು ಹೋದರು. ಬೇಸಿಗೆಯ ಬಿಸಿಲು. ಒಂದು ಮಧ್ಯಾಹ್ನ ಅಲ್ಲೇ ಕುಸಿದವರನ್ನು ಆಟೊದಲ್ಲಿ ಮನೆಗೆ ತಂದೆವು, ಹಾರ್ನನ್ನೂ.

ಜ್ವರದಲ್ಲಿ ಅವರು ಕೇಳುತ್ತಿದ್ದುದು ಒಂದೇ: "ಮೈಕ್ ಬಿಚ್ಚಿದ್ರಾ?"

"ಇಲ್ಲ ಕಣ್ರೀ, ಅಲ್ಲೇ ಇದೆ" ಎನ್ನುತ್ತಿದ್ದರು ಚಾಚಿ. ಹಾರ್ನ್ ಮಂಚದ ಕೆಳಗಿತ್ತು.

ಅವರು ತೀರಿಕೊಂಡ ದಿನ ಟ್ಯಾಂಕರ್ ಬರುವ ದಿನವಾಗಿರಲಿಲ್ಲ. ಮಯ್ಯತ್ತಿಗೆ ಸ್ನಾನ ಮಾಡಿಸಲು ಮನೆಯಲ್ಲಿ ಒಂದು ಕೊಡ ನೀರಿಲ್ಲ. ಬೀದಿಯವರೆಲ್ಲ ಕುಡಿಯಲು ಇಟ್ಟುಕೊಂಡಿದ್ದ ನೀರನ್ನು ಚೊಂಬು, ಬಿಂದಿಗೆಗಳಲ್ಲಿ ತಂದು ಸುರಿದೆವು. ಅಮ್ಮ ದೇವರ ಮನೆಯ ಕಲಶದ ನೀರನ್ನೂ ತಂದಳು.

ಆಮೇಲೆ ಅದೇ ಕಚೇರಿಯ ಮುಂದೆ ಸಂತಾಪ ಸಭೆ. ಬ್ಯಾನರಿನಲ್ಲಿ ‘ನೀರಿಗಾಗಿ ಪ್ರಾಣ ಕೊಟ್ಟ ಹೋರಾಟಗಾರ’. ಬೇರೆ ಅಂಗಡಿಯ ಮೈಕಿನವನು ಸುಮ್ಮನೆ ವಿಚಾರಿಸಿದ, "ಸಾರ್, ಎಷ್ಟೊತ್ತಿಗೆ ಬಿಚ್ಲಿ?"

"ಒಂದೂವರೆಗೆ ಬಿಚ್ಚಪ್ಪ" ಎಂದರು ಮುಖಂಡರು.

ಈಗ ಯಾರು ಹೋರಾಟದ ಸುದ್ದಿ ತಂದರೂ ನಾನು ಚಾಚಾನ ಪ್ರಶ್ನೆ ಕೇಳುತ್ತೇನೆ. ಗಂಟೆ ಹೇಳಿದರೆ ‘ಕಾರ್ಯಕ್ರಮ’ ಎಂದು ಬರೆಯುತ್ತೇನೆ. ಸಂಪಾದಕರು ತಿದ್ದುತ್ತಾರೆ, ಬೆಳಿಗ್ಗೆ ಪತ್ರಿಕೆಯಲ್ಲಿ ‘ಹೋರಾಟ’ ಎಂದೇ ಇರುತ್ತದೆ. ಚಾಚಿ ಅದನ್ನು ಓದಿಸಿ ಕೇಳಿ, ಕೊಡ ಎತ್ತಿಕೊಂಡು ಟ್ಯಾಂಕರಿನ ಸಾಲಿಗೆ ಹೋಗುತ್ತಾರೆ.