ದ್ಯಾಮಣ್ಣನ ದನಿ

ಜಿಲಾನಸಾಬನ ಸಿಟ್ಟು ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಗೆಲ್ಲ ಗೊತ್ತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ಮೊದಲು ರೇಡಿಯೋ ಬಿಚ್ಚಲು ಕಲಿತ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ಕೆಟ್ಟು ಬಂದ ಸಾಮಾನಿಗೆ ಮೊದಲು ಬೈಯುತ್ತಾನೆ, ನಂತರ ತಂದವರಿಗೆ. ಬೈಸಿಕೊಂಡವರೇ ಮತ್ತೆ ಬರುತ್ತಾರೆ. ಬೇರೆಯವರು ಒಲ್ಲೆ ಎಂದ ಹಳೆಯ ಡಬ್ಬಿಗಳಿಗೆ ಅವನೊಬ್ಬನೇ ಗತಿ.

ಆ ಮಧ್ಯಾಹ್ನ ಗಿಣಿಗೇರಾದ ಸಣ್ಣವ್ವ ಸೀರೆಯಲ್ಲಿ ಸುತ್ತಿದ ಕಂಪ್ಯೂಟರ್ ಡಬ್ಬಿಯನ್ನು ಕೂಸಿನಂತೆ ಎದೆಗವುಚಿಕೊಂಡು ಬಂದಳು. ಒಂದು ಕಾಲಕ್ಕೆ ಬಿಳಿಯಿದ್ದ ಡಬ್ಬಿ ಹಳದಿಗಟ್ಟಿತ್ತು.

"ಸಾಬ್ರ, ಇದಕ್ಕ ಜೀವ ಬರವಲ್ದು."

"ಇದೇನ್ ಕಂಪ್ಯೂಟರೋ, ನಿಜಾಮನ ತಿಜೂರಿನೋ? ಗುಜರಿಗೆ ಹಾಕವ್ವ."

"ಹಂಗ ಅನಬ್ಯಾಡ್ರಿ. ನಮ್ಮ ಮನಿಯವ್ರು ಇದರಾಗ ಅದಾರ."

ಅವಳ ಗಂಡ ದ್ಯಾಮಣ್ಣ ಆಟೋಗಳ ಮೈಕಿಗೆ ದನಿ ತುಂಬಿಕೊಡುತ್ತಿದ್ದವನು. ಸೀರೆ ಮಾರಾಟ, ಕರೆಂಟ್ ಕಡಿತ, ಕಾಣೆಯಾದ ಎಮ್ಮೆ, ಎಲ್ಲಕ್ಕೂ ಅವನದೇ ಗಂಟಲು. ಹೋದ ವರ್ಷ ತೀರಿಕೊಂಡಿದ್ದ.

"ಮಾತಾಡಿದ್ದೆಲ್ಲ ಇದರಾಗ ಐತ್ರಿ. ಒಂದರಾಗ ನಡುವ ನನ್ನ ಹೆಸರ ಹಿಡದು ಕರ್ದಾರ. ಅದೊಂದು ಕೇಳಸ್ರಿ, ಸಾಕು."

ಜಿಲಾನಸಾಬ ಡಬ್ಬಿಗೆ ಕರೆಂಟಿನ ವೈರ್, ಅಂಗಡಿಯ ಪರದೆ, ಸ್ಪೀಕರ್ ಸಿಕ್ಕಿಸಿ ಗುಂಡಿ ಒತ್ತಿದ. ಸದ್ದಿಲ್ಲ. ಪವರ್ ಸಪ್ಲೈ ಬಿಚ್ಚಿ ಬೇರೆಯಾಗಿ ನೋಡಿದ; ಫ್ಯಾನ್ ಗಿರ್ರನೆ ತಿರುಗಿತು. ಅದನ್ನು ಮತ್ತೆ ಜೋಡಿಸಿ, ಮೆಮೊರಿ ಪಟ್ಟಿ ಕಿತ್ತು ರಬ್ಬರಿನಿಂದ ತಿಕ್ಕಿ ಕೂಡಿಸಿದ. ಹೆಣ ಹೆಣವೇ.

"ಸೂಳೇಮಗಂದು, ಎಲ್ಲಾ ನೆಟ್ಟಗೈತಿ, ಎದ್ದೇಳಾಕ ಏನ್ ಧಾಡಿ?"

ಆಗ ಓಣಿಯ ತುದಿಯಿಂದ ಗುಜರಿ ಆಟೋ ಕೂಗಿತು. "ಹಳೇ ಕಬ್ಬಿಣ ಕೊಡ್ರೀ... ಹಳೇ ಟಿವಿ, ಹಳೇ ಕಂಪ್ಯೂಟರ್ ಕೊಡ್ರೀ..."

ಸಣ್ಣವ್ವ ಥಟ್ಟನೆ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು.

"ಯಾಕವ್ವ, ಏನಾತು?"

"ಅವರಽ ರೀ."

ಜಿಲಾನಸಾಬನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ದಿನವೂ ಕೇಳುವ ದನಿ. ಎಷ್ಟೋ ಸಲ "ಬಾಯಿ ಮುಚ್ಚೋ" ಎಂದು ಒಳಗಿನಿಂದಲೇ ಒದರಿದ್ದ. ಒದರಿದ್ದು ಸತ್ತವನಿಗೆ.

"ದಿನಾ ಓಣಿ ಓಣಿ ತಿರಗತಾರ್ರಿ," ಎಂದಳು ಗೋಡೆಯ ಕಡೆಗೇ. "ಊರ ಮಂದಿನ್ನೆಲ್ಲ ಕರೀತಾರ. ನನ್ನ ಕರಿಯಂಗಿಲ್ಲ."

ಆಟೋ ದಾಟಿಹೋಯಿತು. ಜಿಲಾನಸಾಬ ಡಬ್ಬಿಯ ಮುಂಭಾಗ ಬಿಚ್ಚಿದ. ಗುಂಡಿಯ ಸಂದಿನಲ್ಲಿ ಬೂದಿಬಣ್ಣದ ಗಟ್ಟಿ ಗಾರೆ, ನಡುವೆ ಕೆಂಪು ಗೆರೆ.

"ಏನಿದು?"

"ಅಮಾಸಿ ಅಮಾಸಿಗೆ ವಿಭೂತಿ ಕುಂಕುಮ ಹಚ್ತೀನ್ರಿ. ನೀರ ಚಿಮಕಸ್ತೀನಿ."

ಅವನಿಗೆ ಸಿಟ್ಟು ನೆತ್ತಿಗೇರಿತು. "ಪೂಜಿ ಮಾಡಿ ಮಾಡಿ ಅವನ ಬಾಯಾಗ ಮಣ್ಣ ಹಾಕೀಯಲ್ಲವ್ವ!" ಅಂದವನೇ ನಾಲಿಗೆ ಕಚ್ಚಿಕೊಂಡ.

ಅವಳು ನೊಂದಂತೆ ಕಾಣಲಿಲ್ಲ. "ಹಾಕಿದಾಕಿ ನಾನಽ ಅಲ್ಲೇನ್ರಿ. ಕುಣ್ಯಾಗ ಮೂರು ಹಿಡಿ."

ಗುಂಡಿಯ ಹಂಗೇ ಬೇಡವೆಂದು, ಅದರ ವೈರ್ ಕಿತ್ತು, ಬೋರ್ಡಿನ ಮೇಲೆ ಅದು ಕೂಡುವ ಎರಡು ಮುಳ್ಳುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದ. ಒಳಗೇನೋ ಕೆಮ್ಮಿತು. ಫ್ಯಾನ್ ತಿರುಗಿತು. ಒಳಗೆ ಕೂತಿದ್ದ ವಿಭೂತಿಯೆಲ್ಲ ಬೆಚ್ಚಗೆ ಹಾರಿಬಂದು ಅವನ ಮುಖಕ್ಕೆ ಬಡಿಯಿತು. ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ.

ಪರದೆ ನೀಲಿಯಾಯಿತು. ಒಂದೊಂದೇ ದನಿ ತೆರೆದ. ದ್ಯಾಮಣ್ಣ ಸೀರೆ ಮಾರಿದ, ಎಮ್ಮೆ ಹುಡುಕಿದ. ಸಣ್ಣವ್ವ ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಮೇಲೆ ಒಂದರಲ್ಲಿ, "ಗಿಣಿಗೇರಾದ ಸಮಸ್ತ ಮಹಾಜನತೆಗೆ..." ಎಂದವನು ತಡೆದ. ಕೆಮ್ಮಿದ.

"ಏ ಸಣ್ಣೀ, ಬಾಗಲಾ ಹಾಕ. ಹೊರಗಿನ ಸಪ್ಪಳ ಒಳಗ ಬರಾಕತ್ತೈತಿ."

ಅದೇ ಹೊತ್ತಿಗೆ ಗುಜರಿ ಆಟೋ ಓಣಿಯಲ್ಲಿ ತಿರುಗಿ ಬರುತ್ತಿತ್ತು. ಒಳಗೂ ದ್ಯಾಮಣ್ಣ, ಹೊರಗೂ ದ್ಯಾಮಣ್ಣ. ಸಣ್ಣವ್ವ ಸರಸರ ಹೋಗಿ ಅಂಗಡಿಯ ಶಟರನ್ನು ಪೂರ್ತಿ ಕೆಳಗೆಳೆದಳು. ಪರದೆಯ ಬೆಳಕೊಂದೇ ಉಳಿಯಿತು.

"ಹಾಕೀನ್ರೀ," ಎಂದಳು ಡಬ್ಬಿಗೆ.

ಡಬ್ಬಿ ತುಸು ಹೊತ್ತು ಸುಮ್ಮನಿತ್ತು.

"ಹಾಂ. ಛಲೋ ಆತು," ಎಂದ ದ್ಯಾಮಣ್ಣ.

ಸಣ್ಣವ್ವ ಡಬ್ಬಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಹೊರಗಿನ ದನಿ ಮಾತ್ರ ಶಟರಿನ ಮುಂದೆಯೇ ನಿಂತು, ಹಳೇ ಕಂಪ್ಯೂಟರ್ ಇದ್ದರೆ ಕೊಡಿ ಎಂದು ಕೇಳುತ್ತಲೇ ಇತ್ತು.